ಬಸ್ಸಿಗೆ ಕೊಟ್ಟು ಕಳಿಸಿದ ಹಲ್ಲುಸೆಟ್ಟು

ಸಂಸೆಯ ನಮ್ಮ ಮನೆಯಿಂದ ಕಳಸಕ್ಕೆ ಏನು ಕಳಿಸಬೇಕಾದರೂ ನಾವು ಬಸ್ಸಿಗೆ ಕೊಡುತ್ತೇವೆ. ಪಂಪಿನ ವಾಷರು, ತಂಗಿಗೆ ಪತ್ರೊಡೆ, ಒಮ್ಮೆ ಜೀವಂತ ಹುಂಜ. ಗೇಟಿನ ಹತ್ತಿರ ನಿಂತು ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲುತ್ತದೆ. ಕಂಡಕ್ಟರು ಗಂಟು ತೆಗೆದುಕೊಂಡು, "ಅಲ್ಲಿ ಯಾರು ಬರ್ತಾರೆ?" ಎಂದಷ್ಟೇ ಕೇಳುತ್ತಾರೆ. ಇದು ಲೋಕವೆಲ್ಲ ನಡೆಯುವ ಪದ್ಧತಿ ಎಂದೇ ನಾನು ತಿಳಿದಿದ್ದೆ.

ಈಚೆಗೆ ನಮ್ಮ ಕಾಫಿ ಕೊಳ್ಳುವ ಕಂಪನಿಯೊಂದು ಕೆಲವು ಬೆಳೆಗಾರರನ್ನು ಸ್ವಿಟ್ಜರ್ಲೆಂಡಿಗೆ ಕರೆಸಿತು. ಯಜಮಾನರ ಜೊತೆ ನಾನೂ ಹೋದೆ. ಲಾಡ್ಜು ಬೆಟ್ಟದ ಮೇಲಿನ ಹಳ್ಳಿಯಲ್ಲಿತ್ತು. ಎಲ್ಲರೂ ಹಿಮ ನೋಡಿ ಬಾಯಿ ಬಿಟ್ಟರೆ, ನನ್ನ ಹೊಟ್ಟೆ ಉರಿಸಿದ್ದು ರಸ್ತೆ. ಅಷ್ಟು ತಿರುವಿನ ಘಾಟಿಯಲ್ಲಿ ಒಂದು ಗುಂಡಿ ಬೇಡವೇ? ಬೀದಿಯ ತೊಟ್ಟಿಗೆ ಬೀಳುವ ನೀರನ್ನು ಜನ ಬೊಗಸೆಯಲ್ಲಿ ಹಿಡಿದು ಹಾಗೇ ಕುಡಿಯುತ್ತಿದ್ದರು. ಬಸ್ ಸ್ಟ್ಯಾಂಡಿನ ಶೌಚಾಲಯ ನಮ್ಮ ದೇವರ ಕೋಣೆಗಿಂತ ಚೊಕ್ಕಟವಾಗಿತ್ತು. ಎಲ್ಲವನ್ನೂ ಬೈದುಕೊಂಡೇ ಮೆಚ್ಚಿದೆ.

ಕೊನೆಯ ದಿನ ಮಧ್ಯಾಹ್ನ ಕೆಳಗಿನ ಪಟ್ಟಣದಲ್ಲಿ ಬೀಳ್ಕೊಡುಗೆ ಊಟ. ಎಲ್ಲರ ಪರವಾಗಿ ವಂದನಾರ್ಪಣೆ ಯಜಮಾನರದು, ಅದೂ ಇಂಗ್ಲಿಷಿನಲ್ಲಿ. ಎರಡು ತಿಂಗಳು ಅವರು ಕಾಫಿ ಒಣಗಿಸುವ ಕಣದಲ್ಲಿ ಅಡ್ಡಾಡುತ್ತಾ ಅದನ್ನು ಉರು ಹೊಡೆದಿದ್ದರು. ನಮ್ಮ ಮೇಸ್ತ್ರಿಗೂ ಮೊದಲ ಎರಡು ಸಾಲು ಬಾಯಿಪಾಠವಾಗಿತ್ತು. ಬೆಳಿಗ್ಗೆ ಎಲ್ಲರೂ ವ್ಯಾನಿನಲ್ಲಿ ಹೊರಟರು. ಊಟಕ್ಕೆ ಮುಂಚೆ ಪಟ್ಟಣದ ಹಳೇ ಕೋಟೆ ಹತ್ತುವುದಿದೆ ಎಂದು ಕೇಳಿದ್ದ ನಾನು, ತಲೆನೋವು ಎಂದು ಸುಳ್ಳು ಹೇಳಿ ಉಳಿದುಕೊಂಡೆ.

ಅವರು ಹೋದ ಮೇಲೆ ಬಚ್ಚಲಿಗೆ ಹೋದರೆ, ಗಾಜಿನ ಲೋಟದಲ್ಲಿ ಯಜಮಾನರ ಹಲ್ಲುಸೆಟ್ಟು! ಚಳಿಗೆ ಬಾಯಿ ಮುಚ್ಚಿ ಮಫ್ಲರ್ ಸುತ್ತಿಕೊಂಡು ಹೊರಟ ಮನುಷ್ಯರಿಗೆ ಹಲ್ಲಿಲ್ಲದ್ದು ಗೊತ್ತೇ ಆಗಿರಲಿಲ್ಲ. ಫೋನ್ ಮಾಡಿದೆ. ಅರ್ಧ ಮಾತು, ಅರ್ಧ ಗಾಳಿ.

"ಬಸ್ಸಿಗೆ ಕೊಟ್ಟು ಕಳ್ಸೇ ಮಾರಾಯ್ತಿ. ನಾನು ಸ್ಟ್ಯಾಂಡಲ್ಲಿ ನಿಂತಿರ್ತೀನಿ."

"ಸಿಗದೇ ಹೋದ್ರೆ?"

"ನಾನು ಮಾತಾಡೋದಿಲ್ಲ ಅಷ್ಟೇ. ಬೇರೆ ಯಾರಾದ್ರೂ ಹೇಳ್ಲಿ." ದನಿ ಒಡೆದಿತ್ತು.

ಉಪ್ಪಿನಕಾಯಿ ಒಯ್ದಿದ್ದ ಸ್ಟೀಲ್ ಡಬ್ಬಿ ತೊಳೆದು, ಹಲ್ಲು ಹಾಕಿ, ಮೇಲೆ ಹೆಸರು ಬರೆದು, ಲಾಡ್ಜಿನ ಮುಂದೆ ನಿಂತು ಕೈ ಅಡ್ಡ ಹಿಡಿದೆ. ಬಸ್ಸು ಹಾರನ್ ಹೊಡೆದು ಹೊರಟೇ ಹೋಯಿತು. ಅದರ ವಂಶಕ್ಕೆಲ್ಲ ಶಾಪ ಹಾಕುತ್ತಾ ಸ್ಟಾಪಿನವರೆಗೆ ನಡೆದೆ. ಮುಂದಿನದು ಹತ್ತೂ ಹತ್ತಕ್ಕೆ ಎಂದು ಬೋರ್ಡಿನಲ್ಲಿತ್ತು. ಹತ್ತೂ ಹತ್ತಕ್ಕೇ ಬಂತು! ಡ್ರೈವರ್ ಒಬ್ಬ ಹೆಂಗಸು. ಡಬ್ಬಿ ಚಾಚಿ, ನನಗೆ ಬರುವ ಇಂಗ್ಲಿಷಿನಲ್ಲಿ, "ಕೆಳಗೆ ನನ್ನ ಗಂಡ ಕಾಯುತ್ತಿದ್ದಾರೆ, ಕೊಟ್ಟುಬಿಡಿ" ಎಂದೆ. ಆಕೆ ಆಗದೆಂದು ತಲೆಯಾಡಿಸಿದಳು. ಜೊತೆಗೆ ಜನ ಇಲ್ಲದ ಸಾಮಾನು ಒಯ್ಯುವಂತಿಲ್ಲವಂತೆ.

"ಅಯ್ಯೋ, ಒಂದು ಡಬ್ಬಿ ತಗೊಂಡು ಹೋಗೋಕೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಕನ್ನಡದಲ್ಲೇ ರೇಗಿ, ಮುಚ್ಚಳ ತೆಗೆದು ತೋರಿಸಿದೆ. ಆಕೆ ಹಲ್ಲು ನೋಡಿದಳು, ನನ್ನನ್ನು ನೋಡಿದಳು, ಸ್ಟಿಯರಿಂಗ್ ಮೇಲೆ ಬಿದ್ದು ನಕ್ಕಳು. ಆಮೇಲೆ ನನ್ನ ಕಡೆ, ಖಾಲಿ ಸೀಟಿನ ಕಡೆ ಬೆರಳು ತೋರಿಸಿದಳು. ನೀವೇ ಬನ್ನಿ.

ಇಲ್ಲಿ ನಿಜ ಹೇಳಬೇಕು. ಎರಡು ವರ್ಷದಿಂದ ನಾನು ಬಸ್ಸು ಹತ್ತಿರಲಿಲ್ಲ. ನಮ್ಮ ಬಸ್ಸಿನ ಮೊದಲ ಮೆಟ್ಟಿಲಿಗೆ ಮಂಡಿ ಏಳುವುದಿಲ್ಲ. ಮನೆಯಲ್ಲಿ ಕೇಳಿದರೆ, "ಬಸ್ಸಲ್ಲಿ ರಶ್ಶು" ಎನ್ನುತ್ತಿದ್ದೆ. ಮುದುಕಿಯಾದೆ ಎಂದು ಯಾರ ಹತ್ತಿರ ಒಪ್ಪಿಕೊಳ್ಳಲಿ?

ನಾನು ಅನುಮಾನಿಸುತ್ತಾ ನಿಂತದ್ದನ್ನು ಕಂಡು ಆಕೆ ಏನೋ ಒತ್ತಿದಳು. ಬಸ್ಸು ಉಸ್ಸೆಂದು, ಮಲಗಲು ಹೊರಟ ಎಮ್ಮೆಯ ಹಾಗೆ ನನ್ನ ಕಡೆಗೆ ಬಾಗಿತು. ಬಾಗಿಲು ರಸ್ತೆಯಂಚಿನ ಮಟ್ಟಕ್ಕೇ ಬಂತು. ಒಂದು ಹೆಜ್ಜೆ, ನಾನು ಒಳಗೆ! ಕಿಟಕಿ ಪಕ್ಕ ಕೂತು, ಮಡಿಲಲ್ಲಿ ಗಂಡನ ಹಲ್ಲು ಇಟ್ಟುಕೊಂಡು, ಘಾಟಿ ಇಳಿಯುವವರೆಗೂ ಒಬ್ಬಳೇ ನಗುತ್ತಿದ್ದೆ.

ಸ್ಟ್ಯಾಂಡಿನಲ್ಲಿ ಮಫ್ಲರ್ ಕಟ್ಟಿಕೊಂಡು ನಿಂತಿದ್ದ ಯಜಮಾನರು ಡಬ್ಬಿಗೆ ಕೈ ಚಾಚುವುದು ಬಿಟ್ಟು, ಬಸ್ಸಿನಿಂದ ಇಳಿದ ನನ್ನನ್ನೇ ನೋಡುತ್ತಾ ನಿಂತರು.

ಭಾಷಣ ಒಂದೂ ತಪ್ಪಿಲ್ಲದೆ ಮುಗಿಯಿತು. ಕಾಗದ ಮಡಚಿದರು, ಆದರೆ ಕೂರಲಿಲ್ಲ. ಉರು ಹೊಡೆಯದ ಇಂಗ್ಲಿಷಿನಲ್ಲಿ ತಡವರಿಸುತ್ತಾ ಹೇಳಿದರು: "ನನ್ನ ಹೆಂಡತಿ ಎರಡು ವರ್ಷದಿಂದ ಬಸ್ಸು ಹತ್ತಿಲ್ಲ. ರಶ್ಶು ಅನ್ನುತ್ತಾಳೆ. ಮಂಡಿನೋವು ಅಂತ ನನಗೆ ಗೊತ್ತು. ಇವತ್ತು ಹತ್ತಿದಳು. ನಿಮ್ಮ ಬಸ್ಸಿಗೆ ತುಂಬಾ ಥ್ಯಾಂಕ್ಸ್."

ಕಂಪನಿಯವರು ಮುಖ ಮುಖ ನೋಡಿಕೊಂಡು ಚಪ್ಪಾಳೆ ತಟ್ಟಿದರು. ಎಲ್ಲ ಗೊತ್ತಿದ್ದೂ ಈ ಮನುಷ್ಯ ನನ್ನ ಮಾನ ಕಾಯುತ್ತಾ ಸುಮ್ಮನಿದ್ದರಲ್ಲ ಎಂದು ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳುವೂ ಬಂತು.

ಊಟ ಮುಗಿದು ಎಲ್ಲರೂ ವ್ಯಾನು ಹತ್ತುವಾಗ, "ನನಗೆ ಮಂಡಿನೋವು. ನಾನು ಬಸ್ಸಲ್ಲೇ ಬರ್ತೀನಿ" ಎಂದೆ. ಆಗಲೇ ಹತ್ತಿ ಕೂತಿದ್ದ ಯಜಮಾನರು ಕೆಳಗಿಳಿದು ಬಂದರು.