ಸೊಪ್ಪು ಮಾತ್ರವೋ, ಸೊಪ್ಪು ಮಾತ್ರೆಯೋ

ಹಲಗೂರಿನಿಂದ ಹೊರಟು ಮಳವಳ್ಳಿ, ಮದ್ದೂರು ಹಾದು ಮಂಡ್ಯ ಸೇರುವ ಬೆಳಗಿನ ಬಸ್ಸಿನಲ್ಲಿ ಕೆಮ್ಮುವಾಗ ಎಚ್ಚರವಿರಬೇಕು. ಕೆಮ್ಮಿದ ಸದ್ದು ಅಡಗುವ ಮೊದಲೇ ಕಂಡಕ್ಟರ್ ಅರುಂಧತಿ ಪಕ್ಕದಲ್ಲಿ ನಿಂತಿರುತ್ತಾರೆ. ಬೇರೆ ಕಂಡಕ್ಟರುಗಳು ಮೊದಲು ಊರು ಕೇಳುತ್ತಾರೆ, ಇವರು ಮೊದಲು ಗಂಟಲು ಕೇಳುತ್ತಾರೆ.

“ಒಣ ಕೆಮ್ಮೋ, ಕಫಾನೋ?”

“ಕಫ ಕಣಕ್ಕ.”

“ದೊಡ್ಡಪತ್ರೆ ಎಲೆ ಕೆಂಡದ ಮ್ಯಾಲೆ ಬಾಡ್ಸಿ ರಸ ಇಂಡ್ಕೊ. ವಸಿ ಜೇನುತುಪ್ಪ ಆಕ್ಕಂಡು ನೆಕ್ಕು. ವಾರ ಆದ್ರೂ ಬುಡ್ಲಿಲ್ಲ ಅಂದ್ರೆ ಆಸ್ಪತ್ರೆಗೆ ಓಗು. ಎಲ್ಲಿಗೆ?”

“ಮದ್ದೂರು.”

“ತಗೊ. ಮದ್ದೂ ಆಯ್ತು, ಮದ್ದೂರೂ ಆಯ್ತು.”

ಊರಿನ ಹೆಸರಿನಲ್ಲೇ ಮದ್ದು ಇಟ್ಟುಕೊಂಡಿದ್ದರೂ ನಮ್ಮ ಜನ ಮದ್ದೂರಿನಲ್ಲಿ ಇಳಿಯುವುದು ವಡೆಗೆ. ಹೊಟ್ಟೆ ಉಬ್ಬರಿಸಿಕೊಂಡು ಮತ್ತೆ ಬಸ್ಸು ಹತ್ತುತ್ತಾರೆ. ಆಗ ಅರುಂಧತಿ ಜೀರಿಗೆ ಕಷಾಯ ಹೇಳುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಅವರ ಸಲಹೆ ಕಂಡಕ್ಟರಿಕೆಯಷ್ಟೇ ಹಳೆಯದು: “ಮುಂದಕ್ಕೆ ನಡೀರಿ, ಮುಂದಕ್ಕೆ ನಡೀರಿ.” ಬಸ್ಸಿನೊಳಗೂ ಅಷ್ಟೆ, ಬಸ್ಸಿಳಿದ ಮೇಲೂ ಅಷ್ಟೆ.

ನಾನು ಓದಿದ ಕಾನ್ವೆಂಟಿನಲ್ಲಿ ದಿನಕ್ಕೊಂದು ಸೇಬು ತಿಂದರೆ ಡಾಕ್ಟರು ದೂರ ಎಂದು ಸಿಸ್ಟರುಗಳು ಬಾಯಿಪಾಠ ಮಾಡಿಸಿದ್ದರು. ಆದರೆ ನಮ್ಮ ಮಳವಳ್ಳಿಯಲ್ಲಿ ಸೇಬು ಕೊಳ್ಳುತ್ತಿದ್ದುದು ಕಾಯಿಲೆ ಬಿದ್ದವರನ್ನು ನೋಡಲು ಹೋಗುವಾಗ. ಮನೆಗೆ ಸೇಬು ಬಂತೆಂದರೆ ಡಾಕ್ಟರು ಆಗಲೇ ಬಂದು ಹೋಗಿದ್ದಾರೆ ಎಂದರ್ಥ. ಅರುಂಧತಿಯ ಪಾಠದಲ್ಲಿ ಸೇಬು ಇಲ್ಲವೇ ಇಲ್ಲ. ನುಗ್ಗೆ, ಹುರುಳಿ, ರಾಗಿ, ಹುಚ್ಚೆಳ್ಳು, ಬೆಳ್ಳುಳ್ಳಿ ಇವಿಷ್ಟರಲ್ಲೇ ಅವರ ಸಂಸಾರ. ಹುಚ್ಚೆಳ್ಳನ್ನು ನಮ್ಮ ಕಡೆ ಹ ಬಿಟ್ಟು ಹೇಳುವುದರಿಂದ, ಅದರ ಚಟ್ನಿಯ ಗುಣಗಾನವನ್ನು ಹೊಸಬರು ಮುಖ ಕಿವುಚಿಕೊಂಡೇ ಕೇಳುತ್ತಾರೆ.

ಈ ವಿದ್ಯೆ ಬಂದದ್ದು ಅವರ ತಾಯಿ ಮುದ್ದಮ್ಮನಿಂದ. ಹಲಗೂರಿನ ಆಚೆಯ ಹಳ್ಳಿಯಲ್ಲಿ ಮುದ್ದಮ್ಮ ಬೇರೆಯವರ ಹೊಲಕ್ಕೆ ಕಳೆ ಕೀಳಲು ಹೋಗುತ್ತಿದ್ದರು. ಕಿತ್ತ ಕಳೆಯಲ್ಲಿ ದನಕ್ಕೆಷ್ಟು, ಜನಕ್ಕೆಷ್ಟು ಎಂದು ಅಲ್ಲೇ ಬೇರ್ಪಡಿಸಿ, ಅಣ್ಣೆಸೊಪ್ಪು, ಹೊನಗೊನೆಸೊಪ್ಪು ಮಡಿಲು ತುಂಬಿಸಿಕೊಂಡು ಬರುತ್ತಿದ್ದರು. ಸಂಜೆ ಬೆರಕೆ ಸೊಪ್ಪಿನ ಸಾರು, ಮುದ್ದಮ್ಮನ ಮುದ್ದೆ. ಅರುಂಧತಿ ಡಿಗ್ರಿ ಮುಗಿಸಿ, ಪರೀಕ್ಷೆ ಬರೆದು, ಕಂಡಕ್ಟರ್ ಆಗಿ ಖಾಕಿ ತೊಟ್ಟ ದಿನ ಊರಿನವರು, “ಏನಮ್ಮ ನಿನ್ ಮಗಳ ಮಕದಾಗೆ ಈ ಪಾಟಿ ಕಳೆ!” ಎಂದರಂತೆ. “ಅಷ್ಟು ಕಳೆ ತಿನ್ಸಿವ್ನಿ, ಬರ್ದೆ ಇದ್ದಾತಾ?” ಎಂದರಂತೆ ಮುದ್ದಮ್ಮ. ಮಗಳ ನಾಲಗೆಯೂ ಆ ಹೊಲದ ಬೆಳೆಯೇ.

ಒಂದು ದಿನ ಮಳವಳ್ಳಿಯಲ್ಲಿ ಹತ್ತುವ ಕಾಲೇಜು ಹುಡುಗಿ ದೀಪಿಕ ಮೊಬೈಲು ತೋರಿಸಿ, “ಆಂಟಿ, ಮೊರಿಂಗಾ ಪೌಡರ್ ಅಂತೆ. ಸೂಪರ್‌ಫುಡ್ಡು. ಡಬ್ಬಿ ತರಿಸ್ಲಾ?” ಎಂದಳು. ಅರುಂಧತಿ ಚಿತ್ರವನ್ನು ಹತ್ತಿರ ಹಿಡಿದು ನೋಡಿದರು.

“ಲೇ, ಇದು ನುಗ್ಗೆಸೊಪ್ಪು ಕಣೆ! ನಿಮ್ ಇತ್ಲಲ್ಲಿ ಕಂಬಳಿಉಳ ಬತ್ತದೆ ಅಂತ ನಿಮ್ಮಪ್ಪ ಕಡಿಸಾಕ್ಲಿಲ್ವಾ, ಅದೇಯ! ಮನೇಲಿದ್ದಾಗ ಕಂಬಳಿಉಳ, ಡಬ್ಬಿಗೋದ್ರೆ ಸೂಪರ್ರಾ? ಸೂಪರ್ ಅಲ್ಲ ಇದು, ಸೊಪ್ಪರ್‌ಫುಡ್ಡು!”

ಅಂದಿನಿಂದ ಬಸ್ಸಿನಲ್ಲಿ ಆ ಪದವೇ ನಿಂತಿತು. ನಿಂತ ಪ್ರಯಾಣಿಕರ ಜೊತೆ ಅದೂ ಒಂದು.

ಅರುಂಧತಿಗೆ ತಮ್ಮ ಅಡುಗೆಮನೆಯ ಮೇಲೆ ಎಷ್ಟು ನಂಬಿಕೆಯೋ, ಅದರ ಗಡಿಯ ಮೇಲೂ ಅಷ್ಟೇ ನಂಬಿಕೆ. ಬಸ್ ದರಕ್ಕೆ ಸ್ಟೇಜುಗಳಿರುವಂತೆ ಕಾಯಿಲೆಗೂ ಸ್ಟೇಜುಗಳಿವೆ ಎನ್ನುವುದು ಅವರ ಸಿದ್ಧಾಂತ. “ಸೊಪ್ಪಿನ ಬಸ್ಸು ಇಷ್ಟು ದೂರ ಕಣಪ್ಪ. ಅಲ್ಲಿಗೆ ಇಳುದು ಡಾಕ್ಟ್ರ ಬಸ್ಸು ಅತ್ಬೇಕು” ಎನ್ನುತ್ತಿದ್ದರು. ಎಲ್ಲರಿಗೂ ಇದು ಅರ್ಥವಾಗಿತ್ತು. ಲಿಂಗಯ್ಯನವರಿಗೆ ಮಾತ್ರ ಆಗಿರಲಿಲ್ಲ. ಈ ‘ಮಾತ್ರ’ದಿಂದಲೇ ಎಲ್ಲ ಎಡವಟ್ಟಾದದ್ದು.

ಲಿಂಗಯ್ಯ ಮಳವಳ್ಳಿ ದಾಟಿದ ಮೇಲೆ ಸಿಗುವ ಹಳ್ಳಿಯೊಂದರ ಗೌಡರು. ಗದ್ದೆಯ ಕೆಲಸ ಬೆಳಗ್ಗೆಯೇ ಮುಗಿಸಿ, ಬಿಳಿ ಪಂಚೆ ಉಟ್ಟು, ಮದ್ದೂರಿಗೆ ಗೆಳೆಯರ ಜೊತೆ ವಡೆ ತಿನ್ನಲು, ಲೋಕ ತಿದ್ದಲು ಬರುವವರು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲಂತೂ ಟಿಕೆಟ್ಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಕೂರುತ್ತಿದ್ದರು. “ಟಿಕೇಟ್ ಇಲ್ದೆ ನನ್ ಜೀವಮಾನದಲ್ಲಿ ಒಂದ್ ಕರೆಂಟ್ ಕಂಬ ದಾಟಿಲ್ಲ ಕಣ್ರಪ್ಪ!” ಎನ್ನುವುದು ಅವರ ನಿತ್ಯದ ಘೋಷಣೆ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಸಪ್ಪಗೆ ಕೂತಿದ್ದರು.

“ಏನ್ ಗೌಡ್ರೇ, ಇವತ್ತು ಲೋಕ ನೆಟ್ಟಗದಾ?” ಎಂದರು ಅರುಂಧತಿ.

“ಬಿಪಿ ಅಂತೆ ಕಣವ್ವ. ಡಾಕ್ಟ್ರು ಮಾತ್ರೆ ಕೊಟ್ಟವ್ರೆ. ದಿನಾ ನುಂಗ್ಬೇಕಂತೆ, ಸಾಯೋಗಂಟ.”

“ಸಾಯ್ದಂಗಿರ್ಲಿ ಅಂತ ಕೊಟ್ಟಿರೋದು ಕಣ್ರೀ. ನುಂಗಿ. ಜತೆಗೆ ಉಪ್ಪು ಕಮ್ಮಿ ಮಾಡಿ. ನುಗ್ಗೆಸೊಪ್ಪು, ಬೆಳ್ಳುಳ್ಳಿ ದಿನಾ ಒಟ್ಟೆಗೋಗ್ಲಿ. ವಡೆ ಬುಡಿ.”

“ವಡೆ ಬುಡೋದಾ! ಅದ್ಕಿಂತ ಪ್ರಾಣ ಬುಡ್ತೀನಿ.”

ಮದ್ದೂರು ಬಂತು. ಗೌಡರು ಇಳಿದು ಹೊರಟರು. ಅವರ ಕಾಲು ನೇರವಾಗಿ ವಡೆಯ ದಿಕ್ಕು ಹಿಡಿದದ್ದನ್ನು ಕಂಡು, ಚಲಿಸುವ ಬಸ್ಸಿನ ಬಾಗಿಲಲ್ಲಿ ನಿಂತು ಅರುಂಧತಿ ಕೂಗಿದರು: “ಗೌಡ್ರೇ! ಸೊಪ್ಪು ಮಾತ್ರೆ ಬುಡ್ಬೇಡಿ!”

ಹಿಂದೆ ಕಬ್ಬಿನ ಲಾರಿಯೊಂದು ಹಾರನ್ ಬಜಾಯಿಸಿತು. ಗೌಡರು ತಿರುಗಿ ಕೈಯೆತ್ತಿ, “ಆಯ್ತು ಕಣವ್ವೋ!” ಎಂದರು.

ನಮ್ಮ ಕಡೆಯ ನಾಲಗೆ ಹಕಾರವನ್ನು ನುಂಗುತ್ತದೆ, ಶಕಾರವನ್ನು ಸವೆಸುತ್ತದೆ, ಪದದ ಕೊನೆಯಲ್ಲಿ ನೇತಾಡುವ ಎತ್ವವನ್ನಂತೂ ಫುಟ್‌ಬೋರ್ಡಿನಿಂದಲೇ ಇಳಿಸಿಬಿಡುತ್ತದೆ. ಅರುಂಧತಿ ಹೇಳಿದ್ದು: ಸೊಪ್ಪು, ಮಾತ್ರೆ ಎರಡನ್ನೂ ಬಿಡಬೇಡಿ. ಲಿಂಗಯ್ಯ ಕೇಳಿಸಿಕೊಂಡದ್ದು: ಏನು ಬಿಟ್ಟರೂ ಸರಿ, ಸೊಪ್ಪು ಮಾತ್ರ ಬಿಡಬೇಡಿ. ಒಂದು ಎತ್ವ ಮದ್ದೂರಿನ ರಸ್ತೆಗೆ ಬಿತ್ತು. ಅದರ ಹಿಂದೆಯೇ ಮಾತ್ರೆ ಗೌಡರ ತಿಪ್ಪೆಗೆ ಬಿತ್ತು.

ಆಮೇಲೆ ಅವರು ಸೊಪ್ಪಿನ ಪ್ರಚಾರಕ್ಕೆ ನಿಂತರು. ಸೊಪ್ಪಿನ ಸಾರು, ಸೊಪ್ಪಿನ ಪಲ್ಯ, ಸೊಪ್ಪಿನ ರೊಟ್ಟಿ. ವಡೆಯನ್ನೂ ಸಬ್ಬಸಿಗೆ ಸೊಪ್ಪು ಹಾಕಿದ್ದೇ ಬೇಕೆಂದು ಹೋಟೆಲಿನಲ್ಲಿ ಜಗಳ ತೆಗೆದರಂತೆ. ಅರುಂಧತಿಗೂ ಹಿಗ್ಗು. ಗೌಡರು ಮಾತು ಕೇಳಿದರಲ್ಲ ಎಂದುಕೊಂಡರು. ಮಾತು ಕೇಳಿದ್ದು ನಿಜವೇ, ಒಂದಕ್ಷರ ಕಡಿಮೆ ಅಷ್ಟೆ.

ಒಂದು ಸಂಜೆ ಮಳವಳ್ಳಿಯ ಕಡೆ ವಾಪಸು ಬರುವಾಗ ಲಿಂಗಯ್ಯನವರ ಹೆಂಡತಿ ಮಲ್ಲಿಗಮ್ಮ ಬಸ್ಸು ಹತ್ತಿದರು. ಕೂರುವ ಮೊದಲೇ ಶುರು ಮಾಡಿದರು.

“ಏನ್ ಮಂತ್ರ ಆಕ್ಬುಟ್ಟೆ ಕಣವ್ವ ನಮ್ಮನೆಯವ್ರಿಗೆ? ಸೊಪ್ ತಿಂದು ತಿಂದು ಮೇಕೆ ಆಗವ್ರೆ. ಇನ್ ಮ್ಯಾ ಅನ್ನೋದೊಂದು ಬಾಕಿ.”

“ತಿನ್ಲಿ ಬುಡಿ ಅಮ್ಮ, ಒಳ್ಳೇದೆಯ.”

“ಒಳ್ಳೇದಂತೆ! ಮಾತ್ರೆ ಎಲ್ಲ ತಿಪ್ಪೆಗ್ ಎಸುದ್ರು. ಯಾಕ್ ಅಂದ್ರೆ ಕಂಡಕ್ಟ್ರಮ್ಮ ಯೋಳವ್ಳೆ ಅಂತಾರೆ. ಈಗ ಎರಡ್ ಮೂರ್ ದಿನದಿಂದ ತಲೆ ತಿರುಗ್ತದೆ ಅಂತ ಗೋಡೆ ಇಡ್ಕಂಡು ಓಡಾಡ್ತಾವ್ರೆ.”

ಅರುಂಧತಿಯ ಕೈಯಲ್ಲಿದ್ದ ಟಿಕೆಟ್ ಯಂತ್ರ ತಾನಾಗಿ ಒಂದು ಚೀಟಿ ಉಗುಳಿತು. ಅವರು ಅದನ್ನು ಹರಿಯಲಿಲ್ಲ. ಯಾವ ಮಾತು ಎಲ್ಲಿ ಬಿತ್ತು ಎಂದು ಅವರಿಗೆ ಹೊಳೆಯಲು ಮುಂದಿನ ಸ್ಟಾಪು ಬರಬೇಕಾಯಿತು. “ಅಮ್ಮ, ನಾಳೆ ಬೆಳಿಗ್ಗೆ ಅವ್ರನ್ನ ನನ್ ಬಸ್ಸಿಗೆ ಅತ್ಸಿ. ಮಿಕ್ಕಿದ್ದು ನಂಗ್ ಬುಡಿ. ರಾತ್ರಿ ಏನಾರ ಕೈಕಾಲು ಜೋಮು, ಮಾತು ತೊದ್ಲು ಅಂತಂದ್ರೆ ನಂಗೆ ಕಾಯ್ಬೇಡಿ, ಆಂಬುಲೆನ್ಸಿಗೆ ಫೋನ್ ಮಾಡಿ” ಎಂದರು.

ಮಾರನೆಯ ಬೆಳಿಗ್ಗೆ ಗೌಡರು ಹತ್ತಿದರು. ಟಿಕೆಟ್ ಎತ್ತಿ ಹಿಡಿಯಲಿಲ್ಲ. ಘೋಷಣೆಯೂ ಇಲ್ಲ. ಕಿಟಕಿಗೆ ತಲೆಯಾನಿಸಿ ಕೂತರು.

“ಗೌಡ್ರೇ, ಮಾತ್ರೆ ಯಾಕ್ ಬುಟ್ರಿ?”

“ನೀವೇ ಯೋಳಿದ್ರಲ್ಲವ್ವ. ಸೊಪ್ಪು ಮಾತ್ರ ಬುಡ್ಬೇಡಿ ಅಂದ್ರಿ. ಅಂಗಂದ್ರೆ ಮಿಕ್ಕಿದ್ದೆಲ್ಲ ಬುಡು ಅಂತ ತಾನೆ?”

“ನಾನಂದಿದ್ದು ಮಾತ್ರ ಅಲ್ಲ ಕಣ್ರೀ, ಮಾತ್ರ!” ಸಿಟ್ಟಿನಲ್ಲಿ ಎತ್ವ ಮತ್ತೆ ಜಾರಿತು.

“ಅದನ್ನೇ ನಾನೂ ಅಂತಿರೋದು, ಮಾತ್ರ!”

“ಅಯ್ಯೋ, ಮಾತ್ರ ಕಣ್ರೀ, ಮಾತ್ರ!”

“ಊ ಕಣವ್ವ, ಮಾತ್ರ!”

ಇಬ್ಬರೂ ಒಂದೇ ಪದವನ್ನು ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದರು. ಕೊನೆಗೆ ದೀಪಿಕ ಎದ್ದು ನಿಂತು ಚೀರಿದಳು: “ಟ್ಯಾಬ್ಲೆಟ್ಟು ತಾತಾ! ಆಂಟಿ ಹೇಳಿದ್ದು ಟ್ಯಾಬ್ಲೆಟ್ಟು! ಸೊಪ್ಪು ತಿನ್ನಿ, ಟ್ಯಾಬ್ಲೆಟ್ಟೂ ತಗೊಳ್ಳಿ ಅಂತ!”

ಬಸ್ಸೆಲ್ಲ ಗೊಳ್ಳೆಂದಿತು. ಗೌಡರು ನಗಲಿಲ್ಲ. ಮೂರು ಊರಿನವರ ಎದುರು ಕಿವಿ ಮಂದ ಎಂದು ಒಪ್ಪಿಕೊಳ್ಳುವುದಕ್ಕಿಂತ ಬಿಪಿಯೇ ಮೇಲು ಎನ್ನುವಂತೆ ಕೂತರು.

“ಓಗ್ಲಿ ಬುಡು. ಸೊಪ್ಪಲ್ಲೇ ಚೆಂದಾಗಿವ್ನಿ.”

“ಚೆಂದಾಗಿರೋರು ತಲೆ ಯಾಕ್ ಇಡ್ಕಂಡಿದ್ದೀರಿ?”

“ನಿಮ್ ವಿಸಿಲ್ಲು ಸದ್ದಿಗೆ. ಟಿಕೇಟ್ ಅರಿಯೋದು ನಿಮ್ ಕೆಲ್ಸ. ಅದ್ ಮಾಡಿ.”

“ಅದೇ ಮಾಡ್ತಿರೋದು ಗೌಡ್ರೇ. ನಿಮ್ ಟಿಕೇಟ್ ಅರುದು ಓಗ್ಬಾರ್ದು ಅಂತ.” ಅರುಂಧತಿ ಅವರ ಪಕ್ಕದಲ್ಲೇ ಕೂತುಬಿಟ್ಟರು. ದನಿ ಇಳಿಯಿತು. “ಒಂದ್ ಮಾತು ಯೋಳಿ. ಮಳವಳ್ಳಿಗೆ ಟಿಕೇಟ್ ತಕ್ಕಂಡು ಮಂಡ್ಯಗಂಟ ಕೂತಿರೋನ್ನ ಏನಂತಾರೆ?”

“ಕಳ್ಳ ಅಂತಾರೆ.”

“ನಿಮ್ ಕಾಯಿಲೆ ಮುಂದಕ್ಕೋಗೈತೆ. ಸೊಪ್ಪಿನ ಟಿಕೇಟು ಅಲ್ಲೇ ಮುಗುದೋಯ್ತು. ಇಷ್ಟ್ ದಿನದಿಂದ ಟಿಕೇಟ್ ಇಲ್ದೆ ಕೂತಿದ್ದೀರಿ ನೀವು.”

ಗೌಡರು ಬಹಳ ಹೊತ್ತು ಹೊರಗಿನ ಕರೆಂಟು ಕಂಬಗಳನ್ನೇ ನೋಡಿದರು. ಒಂದೊಂದೂ ಹಿಂದಕ್ಕೆ ಓಡುತ್ತಿತ್ತು. ಕೊನೆಗೆ, “ಆಸ್ಪತ್ರೆ ತಾವ ನಿಲ್ಸಿ” ಎಂದರು.

“ಅಲ್ಲಿ ಸ್ಟಾಪಿಲ್ಲ ಕಣಕ್ಕ” ಎಂದ ಡ್ರೈವರ್ ಸಿದ್ದೇಶ್.

“ಇವತ್ತು ಐತೆ.”

ಮದ್ದೂರಿನ ಆಸ್ಪತ್ರೆಯ ಗೇಟಿನೆದುರು ಬಸ್ಸು ನಿಂತಿತು. ಅರುಂಧತಿ ಗೌಡರ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದರು. ನರ್ಸು ತೋಳಿಗೆ ಪಟ್ಟಿ ಸುತ್ತಿ, ಮೀಟರ್ ನೋಡಿ, ಯಂತ್ರ ಕೆಟ್ಟಿದೆಯೇನೋ ಎಂದು ಇನ್ನೊಂದು ತರಿಸಿದರು. ಅದೂ ಅದನ್ನೇ ಹೇಳಿತು. ಗೌಡರನ್ನು ಅಲ್ಲಿಯೇ ಮಲಗಿಸಿದರು. ಡಾಕ್ಟರು ಓಡಿ ಬಂದು ಪರೀಕ್ಷೆ ಮಾಡಿ, “ಇನ್ನೂ ಸ್ವಲ್ಪ ದಿನ ಹೀಗೇ ಬಿಟ್ಟಿದ್ದರೆ ಪಾರ್ಶ್ವವಾಯು ಹೊಡೆಯೋದು. ಮಾತ್ರೆ ನಿಲ್ಲಿಸೋಕೆ ಯಾರು ಹೇಳಿದ್ದು?” ಎಂದರು.

ಗೌಡರು ಅರುಂಧತಿಯನ್ನು ನೋಡಿದರು. ಆಮೇಲೆ ಛಾವಣಿ ನೋಡಿದರು. “ಲಾರಿ ಸಾರ್. ಕಬ್ಬಿನ ಲಾರಿ” ಎಂದರು.

ಅಂದೇ ಅವರನ್ನು ಆಂಬುಲೆನ್ಸಿನಲ್ಲಿ ಮಂಡ್ಯದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿಂದ ಅವರು ಹೆಂಡತಿಗೆ ಫೋನು ಮಾಡಿ “ದೊಡ್ಡಾಸ್ಪತ್ರೆ” ಎಂದರೆ, ಮಲ್ಲಿಗಮ್ಮ ಒಂದು ಚೀಲ ದೊಡ್ಡಪತ್ರೆ ಎಲೆ ಕಿತ್ತುಕೊಂಡು ಬಂದರಂತೆ. ಇದು ನಡೆದದ್ದೋ, ತಮ್ಮ ಮನೆಯಲ್ಲಿ ಕಿವಿ ಮಂದ ಇರುವುದು ತಮಗೊಬ್ಬರಿಗೇ ಅಲ್ಲ ಎಂದು ಸಾಧಿಸಲು ಗೌಡರು ಕಟ್ಟಿದ್ದೋ, ಹೇಳುವುದು ಕಷ್ಟ.

ಬಸ್ಸು ತಡವಾದದ್ದೇಕೆ ಎಂದು ಡಿಪೋದಲ್ಲಿ ಕೇಳಿದರು. “ಒಬ್ರುದು ಟಿಕೇಟ್ ಚೆಕ್ ಮಾಡೋದಿತ್ತು ಸಾರ್” ಎಂದು ಅರುಂಧತಿ ನಿಂತ ನಿಲುವಿನಲ್ಲೇ ಉತ್ತರಿಸಿದರು.

ಈಗಲೂ ಅವರು ಮದ್ದು ಹೇಳುವುದನ್ನು ಬಿಟ್ಟಿಲ್ಲ. ದನಿಯನ್ನೂ ತಗ್ಗಿಸಿಲ್ಲ. ಒಂದು ಪದವನ್ನು ಮಾತ್ರ ಬದಲಾಯಿಸಿದ್ದಾರೆ, ಮಾತ್ರೆಯನ್ನೇ. ತಾಯಿ ಮುದ್ದಮ್ಮ ಹೇಳುತ್ತಿದ್ದ ಹಳೆಯ ಮಾತನ್ನು ಹೊರತೆಗೆದಿದ್ದಾರೆ: ಗುಳಿಗೆ. ಎಷ್ಟೇ ಹಾರನ್ ಹೊಡೆದರೂ ಗುಳಿಗೆ ಇನ್ನೊಂದಾಗಿ ಕೇಳಿಸುವುದಿಲ್ಲ. “ಸೊಪ್ಪು ಒಟ್ಟೆಗೆ, ಗುಳ್ಗೆ ಗುಂಡ್ಗೆಗೆ, ಎರಡೂ ಬುಡ್ಬೇಡಿ!” ಎಂದು ಬಾಗಿಲಲ್ಲಿ ನಿಂತು ಕೂಗಿದರೆ, ಇಳಿದವರೂ ಅದನ್ನೇ ಹಾಡಿಕೊಂಡು ಹೋಗುತ್ತಾರೆ.

ಚೇತರಿಸಿಕೊಂಡ ಲಿಂಗಯ್ಯ ಮೊನ್ನೆ ಮತ್ತೆ ಬಸ್ಸು ಹತ್ತಿದರು. ಬಿಳಿ ಪಂಚೆ, ಕಂಕುಳಲ್ಲಿ ಒಂದು ಕಟ್ಟು ನುಗ್ಗೆಸೊಪ್ಪು. ಕಟ್ಟನ್ನು ಅರುಂಧತಿಯ ಸೀಟಿನ ಮೇಲೆ ಇಟ್ಟು, ಹಿಂದಕ್ಕೆ ಹೋಗಿ ಕೂತರು.

“ಗೌಡ್ರೇ, ಟಿಕೇಟು?” ಎಂದರು ಅರುಂಧತಿ.

ಗೌಡರು ಅಂಗಿಯ ಜೇಬಿಗೆ ಕೈಹಾಕಿದರು. ಆ ಬೆಳಿಗ್ಗೆ ನುಂಗಿದ್ದರ ಗೂಡು ಖಾಲಿಯಾಗಿದ್ದ ಬಿಪಿ ಗುಳಿಗೆಯ ಪಟ್ಟಿಯನ್ನು ಹೊರತೆಗೆದು, ಬಸ್ಸಿನವರೆಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

“ಇದು ಸರಿ ಅದೆ. ಬಸ್ಸಿಂದೂ ತಕ್ಕಳಿ” ಎಂದರು ಅರುಂಧತಿ. “ಮದ್ದೂರು ತಾನೆ?”

“ಮದ್ದೂರೇ ಕಣವ್ವ” ಎಂದರು ಗೌಡರು. “ಮದ್ದೂರು ಮಾತ್ರ.”