ಪಂಚಮಿಗೆ ತಿರುಗದ ಗಿರಣಿ

ಇವತ್ತು ಬೆಳಿಗ್ಗೆ ಶೇಂಗಾ ಚಟ್ನಿ ಮಾಡಲು ಹೋದಾಗ ಮಿಕ್ಸರ್ ಒಮ್ಮೆ ಗೊರ್ರ್ ಎಂದು ನಿಂತೇ ಬಿಟ್ಟಿತು. ಸಣ್ಣಗೆ ಸುಟ್ಟ ವಾಸನೆ. ಸೌಟು, ಲಟ್ಟಣಿಗೆ ಇಡುವ ಡ್ರಾಯರ್ ಎಳೆದು, ಹಳದಿ ಹಿಡಿಯ ಟೆಸ್ಟರ್ ತೆಗೆದು ಪ್ಲಗ್ ಹಾಕುವ ತೂತಿಗೆ ಹಿಡಿದೆ. ಒಳಗಿನ ಪುಟ್ಟ ದೀಪ ಹತ್ತಿತು. ಅಂದರೆ ತಪ್ಪು ಕರೆಂಟಿನದಲ್ಲ, ಮಿಕ್ಸರಿನದು. ನಾಂದೇಡದಿಂದ ಮೊನ್ನೆ ಮೊನ್ನೆ ನಮ್ಮ ಮನೆಗೆ ಸೊಸೆಯಾಗಿ ಬಂದ ಪಲ್ಲವಿ ಕಣ್ಣರಳಿಸಿದಳು.

“ಅತ್ತಿ, ಸೌಟಿನ ಜೋಡಿ ಟೆಸ್ಟರ್ ಯಾಕ್ರಿ ಇಟ್ಟೀರಿ?”

ಕೇಳಿದ್ದು ಒಂದು ಮಾತು. ಉತ್ತರಕ್ಕೆ ನಾನು ಕಲಬುರ್ಗಿಯ ಬ್ರಹ್ಮಪುರದ ಈ ಅಡುಗೆಮನೆಯಿಂದ ಕಮಲಾಪುರದವರೆಗೆ ಹೋಗಿ ಬರಬೇಕು. ನೀವೂ ಜೊತೆಗೆ ಬನ್ನಿ, ದೂರವೇನಿಲ್ಲ.

ಕಮಲಾಪುರದಲ್ಲಿ ನನ್ನ ಅತ್ತೆಯವರು ಇರುವುದು ಚಿಕ್ಕ ಮಗನ ಮನೆಯಲ್ಲಿ. ಆ ಮೈದುನನ ಹೆಂಡತಿ ಸುನಂದಾ ಸೊಲ್ಲಾಪುರದವಳು. ಅಲ್ಲಿ ಡಿಪ್ಲೊಮಾ ಓದಿ, ಪರೀಕ್ಷೆ ಕಟ್ಟಿ, ಮಹಾರಾಷ್ಟ್ರದ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಲೈಸೆನ್ಸ್ ಪಡೆದು, ತಂದೆಯ ಅಂಗಡಿಯನ್ನು ಸ್ವತಃ ನಡೆಸಿದವಳು. ಮದುವೆಯಾಗಿ ಬರುವಾಗ ಬೇರೆ ಹೆಣ್ಣುಮಕ್ಕಳು ಸೀರೆಯ ಪೆಟ್ಟಿಗೆ ತರುತ್ತಾರೆ. ಇವಳ ಸೀರೆಗಳ ಕೆಳಗೆ ಡ್ರಿಲ್ಲಿಂಗ್ ಮಷಿನ್ ಇತ್ತು.

ನಾನಾದರೋ ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಕಲಿತವಳು. ಸಿಸ್ಟರ್‌ಗಳು ನನಗೆ ಕೂಸಿನ ಕಾಲುಚೀಲ ಹೆಣೆಯುವುದು, ಕುರ್ಚಿಯನ್ನು ಸದ್ದಿಲ್ಲದೆ ಎಳೆಯುವುದು, ಸಭೆಯಲ್ಲಿ ವಂದನಾರ್ಪಣೆ ಮಾಡುವುದು ಎಲ್ಲ ಕಲಿಸಿದ್ದರು. ಕಮಲಾಪುರದ ಒಲೆಯ ಮುಂದೆ ಇದ್ಯಾವುದೂ ನಡೆಯಲಿಲ್ಲ. ಮದುವೆಯಾದ ಮರುದಿನವೇ ಅತ್ತೆಯವರು ಜೋಳದ ಹಿಟ್ಟು ಹಾಕಿದ ಅಗಲ ತಟ್ಟೆ, ಪರಾತವನ್ನು ಮುಂದಿಟ್ಟು, “ಬಡಿ ನೋಡೋಣು,” ಎಂದಿದ್ದರು. ನನ್ನ ಮೊದಲ ರೊಟ್ಟಿ ಎಮ್ಮೆಗೆ ಹೋಯಿತು. ಎಮ್ಮೆ ಮಾತ್ರ ಒಂದು ಮಾತೂ ಆಡದೆ ತಿಂದಿತು. ಆ ಮನೆಯಲ್ಲಿ ನನಗೆ ಮೊದಲು ಹತ್ತಿರವಾದ ಜೀವ ಅದೇ.

ಮನೆಯ ಪಕ್ಕದ ಖೋಲಿಯಲ್ಲಿ ಹಿಟ್ಟಿನ ಗಿರಣಿ ಹಾಕಬೇಕೆಂಬುದು ಅತ್ತೆಯವರ ಬಹುದಿನದ ಆಸೆ. ಸುನಂದಾ ಸೊಸೆಯಾಗಿ ಬಂದ ಮೇಲೆ ಒಂದು ವರ್ಷ, ನಾಗರಪಂಚಮಿಗೆ ಮುಂಚೆ ಗಿರಣಿ ಬಂತು; ಹಬ್ಬದ ಕೆಲಸಕ್ಕೆಂದು ನಾನೂ ಬ್ರಹ್ಮಪುರದಿಂದ ಹೋಗಿದ್ದೆ. ವೈರಿಂಗ್ ಪೂರ್ತಿ ಸುನಂದಾಳೇ ಮಾಡಿದಳು. ಸೆರಗನ್ನು ಸೊಂಟಕ್ಕೆ ಬಿಗಿದು ಏಣಿ ಹತ್ತಿ, ಗೋಡೆಯ ಮೇಲೆ ಗೆರೆ ಹೊಡೆದಂತೆ ಪೈಪು ಕೂಡಿಸಿದ್ದಳು. ಅತ್ತೆಯವರು ಮಹಾಗಾಂವದ ಬೀಗರತನಕ ಎಲ್ಲರಿಗೂ ಹೇಳಿಬಿಟ್ಟಿದ್ದರು: “ಈ ಸಲ ಪಂಚಮಿ ಹಿಟ್ಟಿಗೆ ನಮ್ಮ ಗಿರಣಿಗೇ ಬರ್ರಿ.”

ಕನೆಕ್ಷನ್ ಕೇಳಲು ಹೋದಾಗ ಸಿಕ್ಕು ಬಿತ್ತು. ಕೆಲಸ ಸರಿಯಾಗಿದೆ ಎಂದು ಈ ರಾಜ್ಯದ ಲೈಸೆನ್ಸ್ ಇದ್ದವರು ಸಹಿ ಹಾಕಬೇಕು. ಸುನಂದಾಳ ಲೈಸೆನ್ಸ್ ಆಚೆಯ ರಾಜ್ಯದ್ದು, ಇಲ್ಲಿ ನಡೆಯುವುದಿಲ್ಲ.

ಅತ್ತೆಯವರು ಕೆಂಡವಾದರು. “ಸೊಲ್ಲಾಪುರದ ಕರೆಂಟ್ ಬ್ಯಾರೆ, ನಮ್ಮ ಕರೆಂಟ್ ಬ್ಯಾರೆ ಏನವ್ವ? ಅಲ್ಲಿ ಶಾಣ್ಯಾ ಇದ್ದಾಕಿ ಬಾರ್ಡರ್ ದಾಟಿದ ಕೂಡ್ಲೇ ದಡ್ಡಿ ಆಗ್ತಾಳೇನು?”

ಸುನಂದಾ ತೊಗರಿಬೇಳೆ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. “ಅತ್ತಿ, ನಾ ಬಂದ ಮರುದಿನ ನೀವೂ ಪರಾತ ಮುಂದಿಟ್ಟು ಬಡಿ ನೋಡೋಣು ಅಂದಿದ್ರಿ. ಸೊಲ್ಲಾಪುರದಾಗ ನಾವೇನು ಹುಲ್ಲು ತಿಂತಿದ್ವೇನ್ರಿ?”

ನನಗೆ ಚಹಾ ನೆತ್ತಿಗೇರಿತು. ಕೆಮ್ಮುತ್ತ ಅತ್ತೆಯವರ ಮುಖ ನೋಡಿದೆ.

“ರೊಟ್ಟಿ ಮಾತು ಬ್ಯಾರೆ,” ಎಂದರು. ಎದ್ದು ಹಿತ್ತಲಿಗೆ ಹೋಗಿ, ಒಣಗಿದ ಸೀರೆಯನ್ನು ತಂದು, ಮಡಚಿದ್ದನ್ನೇ ಮತ್ತೆ ಮಡಚಿದರು. “ಬ್ಯಾರೆ ಏನಿಲ್ಲ ಬಿಡು,” ಎಂದು ಆ ಸೀರೆಗೇ ಹೇಳಿದರು.

ನನ್ನ ಯಜಮಾನರಿಗೆ ಕಲಬುರ್ಗಿ ಮೋಮಿನಪುರದ ರಶೀದ್ ಭಾಯಿ ಎಂಬ ಹಳೆಯ ಕಂಟ್ರಾಕ್ಟರ್ ಗೊತ್ತಿದ್ದರು. ಕರೆದ ಕೂಡಲೇ ಕಮಲಾಪುರಕ್ಕೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಗುಡಿಗೆ ಬಂದವರಂತೆ ಗಿರಣಿಯ ಖೋಲಿಯನ್ನು ಸುತ್ತಿ, ಬೋರ್ಡು ಬಿಚ್ಚಿಸಿ ನೋಡಿದರು.

“ಬೆಹೆನ್, ಕೆಲಸ ಏಕ್‌ದಂ ಪಕ್ಕಾ ಅದ. ಸಹಿ ಈಗ್ಲೇ ಹಾಕ್ತೀನಿ, ಪಂಚಮಿ ಒಳಗ ಗಿರಣಿ ಚಾಲೂ.”

ನಾವೆಲ್ಲ ಉಸಿರು ಬಿಟ್ಟೆವು. ಸುನಂದಾ ಮಾತ್ರ, “ಭಾಯಿ, ನಾಳೆ ಏನರೆ ಹೆಚ್ಚು ಕಡಿಮಿ ಆದ್ರ ಉತ್ತರ ಯಾರು ಕೊಡ್ಬೇಕು?” ಎಂದಳು.

“ಸಹಿ ಹಾಕ್ದವ.”

“ಮಾಡ್ದಾಕಿ ನಾ. ಉತ್ತರ ಕೊಡಾಕಿನೂ ನಾನೇ ಆಗ್ಬೇಕು. ಇವತ್ತು ನಿಮ್ಮ ಹೆಸರಿನ ಹಿಂದ ನಿಂತ್ರ, ಈ ಊರಾಗ ನಾ ಯಾವಾಗ್ಲೂ ಹಿಂದೇ ನಿಲ್ಬೇಕಾಗ್ತದ.”

ಮೈದುನ ಗೊಣಗಿದ, “ಒಂದು ಸಹಿಗಿ ಇಷ್ಟ್ಯಾಕ? ಅವ್ವ ಊರಿಗೆಲ್ಲ ಹೇಳ್ಯಾಳ.” ರಶೀದ್ ಭಾಯಿ ಗಡ್ಡ ನೀವಿಕೊಂಡು ನಕ್ಕರು. “ಆಕಿ ಹೇಳೋದು ಖರೇ ಅದ. ಕಲಬುರ್ಗಿ ಆಫೀಸಿಗೆ ಹೋಗಿ ಕೇಳ್ರಿ, ಹಾದಿ ಇಲ್ದೇ ಇಲ್ಲ,” ಎಂದರು. ಸಹಿ ಹಾಕಲು ಬಂದವರು ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಹಿಡಿದುಕೊಂಡು ಮರಳಿದರು.

ಇಂಗ್ಲಿಷ್ ಬರುತ್ತದೆ ಎಂಬ ಕಾರಣಕ್ಕೆ ಕಲಬುರ್ಗಿ ಆಫೀಸಿಗೆ ಸುನಂದಾಳ ಜೊತೆ ನನ್ನನ್ನೇ ಕಳಿಸಿದರು. ಬಸ್ಸಿನಲ್ಲಿ ನಾನು ಒಂದು ಸೊಗಸಾದ ಭಾಷಣವನ್ನೇ ಸಿದ್ಧಮಾಡಿಕೊಂಡಿದ್ದೆ. ಗುಮಾಸ್ತರು ಅಚ್ಚ ಕಲಬುರ್ಗಿ ಕನ್ನಡದಲ್ಲಿ ಮಾತಾಡಿದ್ದರಿಂದ ಅದು ಹಾಗೆಯೇ ಉಳಿಯಿತು. “ನಮ್ಮವರ ಲೈಸೆನ್ಸ್ ಮಹಾರಾಷ್ಟ್ರದವರು ಒಪ್ತಾರ, ಅವರದು ನಾವು ಒಪ್ತೀವ್ರಿ. ಪರೀಕ್ಷಾ ಮತ್ತ ಬರೆಯೋದು ಬ್ಯಾಡ. ಆದ್ರ ಈಕಿದು ಖರೇ ಅದ ಅಂತ ಅಲ್ಲಿಂದ ಖಾತ್ರಿ ಬರ್ಬೇಕು. ಆಮ್ಯಾಲ ಇಲ್ಲಿ ಲೈಸೆನ್ಸ್.”

“ಯಾವಾಗ ಬರ್ತದ್ರಿ?”

“ಅವರು ಕಳ್ಸಿದಾಗ.”

ಹೊರಗೆ ಬಂದು ಕಬ್ಬಿನ ಹಾಲು ಕುಡಿದೆವು. ಸುನಂದಾ ಗ್ಲಾಸಿನಲ್ಲಿ ಬರ್ಫದ ತುಂಡು ತಿರುಗಿಸುತ್ತ, “ಅಕ್ಕಾ, ಪಂಚಮಿಗಿ ಆಗಲ್ಲ. ಅತ್ತಿ ಮಾರಿ ಹ್ಯಾಂಗ ನೋಡ್ಲಿ?” ಎಂದಳು. ರಶೀದ್ ಭಾಯಿಯನ್ನು ಮತ್ತೆ ಕರೆಸೋಣವೇ ಎಂದು ನಾನೇ ಕೇಳಿದೆ. ಅವಳು ತಲೆ ಅಲ್ಲಾಡಿಸಿ, ಗ್ಲಾಸು ಕೆಳಗಿಟ್ಟಳು.

ಪಂಚಮಿಯ ಹಿಂದಿನ ದಿನ ಅತ್ತೆಯವರು ಹಬ್ಬದ ಹಿಟ್ಟಿಗೆ ಬೀಸಿಸಬೇಕಿದ್ದ ಜೋಳದ ಅರಳಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಜೋಳದ ಪುಟ್ಟಿಯನ್ನು ತಾವೇ ಸೊಂಟದ ಮೇಲಿಟ್ಟುಕೊಂಡು ಹೊರಟರು. ಸೊಸೆಯಂದಿರ ಕೈಲಿ ಕಳಿಸಬಹುದಿತ್ತು. ಹಿತ್ತಲಿನ ಹಾದಿಯೂ ಇತ್ತು. ಅವರು ನಡುಬಜಾರದಲ್ಲೇ ನಡೆದರು. ಬೇರೆಯವರ ಗಿರಣಿಯಲ್ಲಿ ಹೆಂಗಸರ ಸಾಲು. ಒಬ್ಬಾಕೆ ಬಾಯಿಗೆ ಸೆರಗು ಹಿಡಿದು, “ಯಾಕ್ರೀ ಯವ್ವಾ, ನಿಮ್ಮ ಗಿರಣಿ ಉಪವಾಸ ಏನ್ರಿ?” ಎಂದಳು.

“ಹೂನವ್ವ, ಉಪವಾಸ ಅದ,” ಎಂದರು ಅತ್ತೆ, ಪುಟ್ಟಿ ಇಳಿಸುತ್ತ. “ನಮ್ಮ ಸಣ್ಣಾಕಿ ಹೆಸರು ಬರೋತನಕ ಕರೆಂಟ್ ಕುಡಿಯಂಗಿಲ್ಲಂತ.”

ಸಾಲೆಲ್ಲ ನಕ್ಕಿತು. ಅತ್ತೆಯವರೂ ನಕ್ಕರು. ಮನೆಗೆ ಬಂದು ಸುನಂದಾಳಿಗೆ ಏನೂ ಹೇಳಲಿಲ್ಲ. ಹೇಳಿದವಳು ನಾನು. ಕೇಳಿ ಅವಳು ಮುಖ ತಿರುಗಿಸಿ, ಅಗತ್ಯವಿಲ್ಲದಿದ್ದರೂ ಒಲೆ ಊದಿದಳು.

ಖಾತ್ರಿ ಬಂದು, ಇಲ್ಲಿನ ಲೈಸೆನ್ಸ್ ಆಗುವ ಹೊತ್ತಿಗೆ ದಸರಾ, ದೀಪಾವಳಿ ಎಲ್ಲ ಮುಗಿದು ಎಳ್ಳ ಅಮಾವಾಸ್ಯೆ ಹತ್ತಿರವಾಗಿತ್ತು. ಜನ ಸಜ್ಜೆ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದರು. ಪೂಜೆ ಮುಗಿಸಿ ಅತ್ತೆಯವರು, “ನೀನೇ ಒತ್ತವ್ವ,” ಎಂದು ಬದಿಗೆ ಸರಿದರು. ಸುನಂದಾ ಸ್ವಿಚ್ಚು ಒತ್ತಿದಳು. ನೆಲ ಅದುರಿ, ಬಿಸಿ ಹಿಟ್ಟಿನ ವಾಸನೆ ಖೋಲಿಯ ತುಂಬ ಹರಡಿತು. ಹೊಸ ಕಲ್ಲಿನ ಮೊದಲ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇರುತ್ತದೆ, ಉಣ್ಣಬಾರದು. ಅದನ್ನು ಎಲ್ಲಿ ಹಾಕುವುದೆಂದು ಯಾರೋ ಕೇಳಿದರು. “ಎಮ್ಮಿಗಿ ಮಾತ್ರ ಬ್ಯಾಡ,” ಎಂದರು ಅತ್ತೆ, ನನ್ನ ಕಡೆ ಕಣ್ಣು ಹಾಯಿಸಿ, “ಅದು ಈ ಮನ್ಯಾಗ ಭಾಳ ಸಹಿಸ್ಯದ.”

ಆ ದಿನವೇ ಸುನಂದಾ ಈ ಟೆಸ್ಟರನ್ನು ನನಗೆ ಕೊಟ್ಟಳು. “ಅಕ್ಕಾ, ಮೊದ್ಲು ಇದ್ರಲೆ ನೋಡ್ರಿ. ಆಮ್ಯಾಲ ನನಗ ಫೋನ್ ಮಾಡ್ರಿ.” ಇಡೀ ಬ್ರಹ್ಮಪುರಕ್ಕೇ ಕರೆಂಟ್ ಹೋದಾಗಲೂ ನಾನು ಅವಳಿಗೆ ಫೋನ್ ಮಾಡಿದ್ದುಂಟು. ಈಗ ಅವಳಿಗೆ ಅಷ್ಟು ಪುರಸೊತ್ತಿಲ್ಲ. ಸುತ್ತಲಿನ ಊರುಗಳ ಕೆಲಸ ಕೈತುಂಬ ಇದೆ.

ಇಷ್ಟನ್ನೂ ಪಲ್ಲವಿಗೆ ಹೇಳಿ ಮುಗಿಸುವಷ್ಟರಲ್ಲಿ ಅವಳು ಸಿಂಕಿನ ಕೆಳಗಿದ್ದ ಕಲ್ಲಿನ ಒರಳನ್ನು ಹೊರಗೆಳೆದು ತೊಳೆದಿದ್ದಳು. “ನಮ್ಮ ಕಡೆ ಕುಟ್ಟೇ ಮಾಡ್ತೀವ್ರಿ, ಬೆಳ್ಳುಳ್ಳಿ ಹಸೀದೇ ಹಾಕಿ,” ಎಂದು ಕುಟ್ಟತೊಡಗಿದಳು. ನಮ್ಮಲ್ಲಿ ಬೆಳ್ಳುಳ್ಳಿಯನ್ನು ಹುರಿದು ಹಾಕುತ್ತೇವೆ. ಆ ಮಾತು ನನ್ನ ತುಟಿಯತನಕ ಬಂದು ಅಲ್ಲಿಯೇ ಕುಳಿತಿತು. ಕೈಯಂತೂ ರುಚಿ ನೋಡಲು ಒರಳಿನತ್ತ ಆಗಲೇ ಚಾಚಿತ್ತು.

ಪಲ್ಲವಿ ಕುಟ್ಟುವುದನ್ನು ನಿಲ್ಲಿಸಿ ನನ್ನ ಬೆರಳನ್ನೇ ನೋಡುತ್ತಿದ್ದಳು. “ನೋಡ್ತೀರೇನ್ರಿ ಅತ್ತಿ?”

ಕೈ ಹಿಂದಕ್ಕೆ ತೆಗೆದುಕೊಂಡೆ. ಟೆಸ್ಟರನ್ನು ಸೌಟುಗಳ ನಡುವೆ ಇಟ್ಟು ಡ್ರಾಯರ್ ಮುಚ್ಚಿದೆ.

“ನೋಡೋದೇನದ? ನೀ ಮಾಡೀದಿ, ಬಡಸು,” ಎಂದು ತಾಟಿನ ಮುಂದೆ ಕುಳಿತೆ.