ಅತ್ತೆಯ ಒಣಮೀನು, ನನ್ನ ಸಪ್ಪೆ ಅಡುಗೆ

ನನ್ನ ಕೈರುಚಿ ಚೆನ್ನಾಗಿದೆ ಎಂದು ಇಪ್ಪತ್ತೆರಡು ವರ್ಷ ನಂಬಿಕೊಂಡಿದ್ದೆ. ಅದರಲ್ಲಿ ಮುಕ್ಕಾಲು ಪಾಲು ಉಪ್ಪಿನದು ಎಂದು ಗೊತ್ತಾದದ್ದು ಈಚೆಗೆ.

ಹೊನ್ನಾವರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ನಮ್ಮವರು ಟೆಂಪೊ ಓಡಿಸುತ್ತಾರೆ. ಒಂದು ಬೆಳಿಗ್ಗೆ ಕುಮಟಾದಲ್ಲಿ ಸಾಮಾನು ಇಳಿಸುವಾಗ ತಲೆ ಸುತ್ತಿ ಕುಳಿತುಬಿಟ್ಟರು. ಬಿಪಿ ಏರಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಉಪ್ಪು ಅರ್ಧ ಮಾಡಿ, ಕರಿದದ್ದು ಬಿಡಿ, ಒಣಮೀನು ಮುಟ್ಟಲೇಬೇಡಿ ಎಂದರು. ಕೊನೆಯ ಮಾತಿಗೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ನಮ್ಮತ್ತೆ ಇಲ್ಲೇ ಹೊಳೆಯಾಚೆಯ ಕಾಸರಕೋಡಿನಲ್ಲಿ ಮೀನು ಒಣಗಿಸಿ ಮಾರುವವರು. ಮಗನನ್ನು ಸಾಕಿದ್ದೇ ಅದರಿಂದ. ತಿಂಗಳಿಗೊಮ್ಮೆ ನಮಗೆಂದು ಎತ್ತಿಟ್ಟ ಒಳ್ಳೆಯ ಮೀನಿನ ಗಂಟು ಹಿಡಿದು ಬರುತ್ತಾರೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಕಟ್ಟಿದವರಿಗೆ, ಎರಡೂ ಒಂದೇ ಗಂಟಿನಲ್ಲಿ ಬರುವ ಮನೆಯ ಕಷ್ಟ ಗೊತ್ತಿರಲಿಲ್ಲ.

“ಅಮ್ಮಂಗೆ ಹೇಳೂದು ಬ್ಯಾಡ. ಬೇಜಾರು ಮಾಡ್ಕಂತದೆ,” ಎಂದರು ನಮ್ಮವರು.

ಮನೆಯಲ್ಲಿ ಪಥ್ಯ ಶುರುವಾಯಿತು. ನಾನು ಮೊಬೈಲು ನೋಡಿ ಹೊಸ ಅಡುಗೆ ಕಲಿಯತೊಡಗಿದೆ. ಮೊದಲ ದಿನದ ಓಟ್ಸ್ ಉಪ್ಪಿಟ್ಟಿನಿಂದ ಗೋಡೆಗೆ ಕ್ಯಾಲೆಂಡರ್ ಅಂಟಿಸಬಹುದಿತ್ತು. ಹುರುಳಿ ದೋಸೆ ಕಾವಲಿ ಬಿಟ್ಟು ಏಳಲಿಲ್ಲ. ನಮ್ಮವರು ನೆಂಟರ ಮನೆಗೆ ಬಂದವರಂತೆ ತಲೆತಗ್ಗಿಸಿ ಉಣ್ಣುತ್ತಿದ್ದರು. ಹೇಗಿದೆ ಎಂದು ಕೇಳಿದರೆ, ಬಿಸಿ ಇದೆ ಎನ್ನುತ್ತಿದ್ದರು.

ಒಂದು ದಿನ ತಾಜಾ ಬಂಗಡೆ ತಂದು, ಕೊತ್ತಂಬರಿ, ಬೆಳ್ಳುಳ್ಳಿ, ಹಸಿಮೆಣಸು ಅರೆದು, ಹುಳಿಗೆಂದು ಉಪ್ಪು ಹಾಕದೆ ಒಣಗಿಸಿದ ಮುರುಗಲ ಸಿಪ್ಪೆ ಸೇರಿಸಿ, ಮೀನಿಗೆ ಹಚ್ಚಿ, ಅರಿಶಿನದ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದೆ. ಹುಳಿಯೂ ಎಲೆಯ ಪರಿಮಳವೂ ಸೇರಿ ಉಪ್ಪಿನ ಕೊರತೆಯನ್ನು ಮರೆಸಿಬಿಟ್ಟವು. ನಮ್ಮವರು ಎಲೆಯನ್ನೂ ಬೆರಳಿನಿಂದ ಬಳಿದರು. ನಾನು ಆ ದಿನ ಅಂಗಡಿಯಲ್ಲಿ ರವಿಕೆಯೊಂದಕ್ಕೆ ತೋಳು ಹಿಂದುಮುಂದಾಗಿ ಹೊಲಿದೆ, ಅಷ್ಟು ಖುಷಿ.

ಮುಂದಿನ ಭಾನುವಾರ ಮತ್ತೆ ಅದನ್ನೇ ಮಾಡುತ್ತಿದ್ದಾಗ ಅತ್ತೆ ಗಂಟಿನೊಡನೆ ಬಂದರು. ಅವರಿಗೆ ಅನುಮಾನ ಬಾರದಿರಲೆಂದು ನಾಲ್ಕು ಒಣಮೀನು ಹುರಿದು ಅವರ ತಟ್ಟೆಗೆ ಬಡಿಸಿದೆ. ನಮ್ಮವರು ತಮಗೆ ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿ ಪಾರಾದರು. ಆದರೆ ಅತ್ತೆ ಒಣಮೀನನ್ನು ತಟ್ಟೆಯ ಅಂಚಿಗೆ ಸರಿಸಿ ಎಲೆಯ ಬಂಗಡೆಯನ್ನೇ ಮುಗಿಸಿದರು, ಇನ್ನೊಂದು ಕೇಳಿ ಹಾಕಿಸಿಕೊಂಡರು. ಹಲ್ಲು ನೋವೇ ಎಂದು ಕೇಳಿದೆ. ಅವರು ಅಲ್ಲವೆಂದು ತಲೆಯಾಡಿಸಿದರು.

“ನಂಗೆ ಬಿಪಿ ಅದೆ, ಸಾವಿತ್ರಿ. ಒಣಮೀನು ಬಿಟ್ಟು ವರ್ಷ ಆತು. ಹೇಳಿದ್ರೆ ನೀವೂ ಬಿಡ್ತ್ರಿ ಅಂದ್ಕಂಡು ಹೇಳ್ಲಿಲ್ಲ.”

ನಮ್ಮವರು ಎಡಗೈಯಿಂದ ಅಂಗಿಯ ಜೇಬು ತಡಕಿ ತಮ್ಮ ಮಾತ್ರೆಯ ಹಾಳೆಯನ್ನು ಅವರ ಮುಂದಿಟ್ಟರು. ಅತ್ತೆ ಅದನ್ನು ನೋಡಿ, ಸೆರಗಿನ ಗಂಟು ಬಿಚ್ಚಿ ತಮ್ಮದನ್ನು ಪಕ್ಕದಲ್ಲಿಟ್ಟರು. ಎರಡೂ ಒಂದೇ ಮಾತ್ರೆ. ನಗು ಯಾರಿಂದ ಶುರುವಾಯಿತೋ ತಿಳಿಯದು, ಅತ್ತೆಗೆ ನೆತ್ತಿಗೆ ಹತ್ತಿ ನೀರು ಕುಡಿಸಬೇಕಾಯಿತು.

ತಾವು ತಿನ್ನದ್ದನ್ನು ಮಾರಲು ಬೇಸರವಿಲ್ಲವೇ ಎಂದು ಆಮೇಲೆ ಕೇಳಿದೆ.

“ಬಳೆಗಾರ ಬಳೆ ತೊಡ್ತ್ನಾ?” ಎಂದರು ಅತ್ತೆ.

ಈಗ ಅವರು ತಿಂಗಳಿಗೆ ಎರಡು ಸಲ ಬರುತ್ತಾರೆ, ತಾಜಾ ಮೀನು ತರುತ್ತಾರೆ, ಒಲೆಯ ಪಕ್ಕದಲ್ಲಿ ಕುಳಿತು ನನ್ನ ಮಸಾಲೆಗೆ ತಪ್ಪು ಹುಡುಕುತ್ತಾರೆ. ಮೂವರೂ ಒಟ್ಟಿಗೆ ಉಣ್ಣುತ್ತೇವೆ. ಸಪ್ಪೆಯಾಯಿತು ಎಂದು ಮೂವರೂ ಧೈರ್ಯವಾಗಿ ಹೇಳುತ್ತೇವೆ. ಹೇಳಿ, ಮತ್ತೆ ಬಡಿಸಿಕೊಳ್ಳುತ್ತೇವೆ.